ಹುಟ್ಟದವರ ಪಾಲಿನ ನೀರು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ನೀಲವೇಣಿ ಎಂಬ ನದಿಯ ಎರಡೂ ದಡಕ್ಕೆ ಹಬ್ಬಿದ ಒಂದು ರಾಜ್ಯವಿತ್ತು. ಪಟ್ಟಣ ಒಂದೇ, ಉಳಿದದ್ದೆಲ್ಲ ಹಳ್ಳಿ. ಆ ನದಿ ಹುಟ್ಟುವ ಗುಹೆಗೆ ಶೋಷಕೇತು ಎಂಬ ಮಾಂತ್ರಿಕ ಬಂದು ಸೇರಿಕೊಂಡ. ಬಂದವನೇ ನದಿಯನ್ನು ಗುಹೆಯೊಳಗೆ ಕಟ್ಟಿಹಾಕಿದ.

"ಮುಂದಿನ ದಿನಗಳಿಗೆ ನಿಮ್ಮ ನಾಡಿಗೆ ಎಷ್ಟು ನೀರು ಬೇಕು? ಬಂದು ಹೇಳಿ," ಎಂದು ಅವನು ರಾಜನಿಗೆ ಹೇಳಿಕಳಿಸಿದ. "ಹೇಳಿದಷ್ಟು ಬಿಡುತ್ತೇನೆ, ಮಿಕ್ಕಿದ್ದು ನನಗೆ. ಗುಹೆಯೊಳಗಿನ ನನ್ನ ಕೊಳದ ಮುಂದೆ ಆಡಿದ ಲೆಕ್ಕವನ್ನು ನೀರು ಮೀರುವುದಿಲ್ಲ. ಲೆಕ್ಕದಲ್ಲಿ ಇಲ್ಲದವರ ತುಟಿಯನ್ನು ಅದು ಮುಟ್ಟುವುದಿಲ್ಲ."

ಮುದಿ ಮಂತ್ರಿ ಹೋದ. ನಾಡಿನಲ್ಲಿ ಉಸಿರಾಡುತ್ತಿದ್ದ ಪ್ರತಿ ಮನುಷ್ಯನಿಗೆ, ಪ್ರತಿ ದನಕ್ಕೆ, ಹಸಿರಾಗಿದ್ದ ಪ್ರತಿ ಹೊಲಕ್ಕೆ ಬೇಕಾದಷ್ಟು ಕೇಳಿ ಬಂದ. ನದಿ ಹರಿಯಿತು.

ಮರುವರ್ಷ ರಾಜನ ಹಿರಿಯ ಮಗಳು ಪದ್ಮಲೆ ಗಂಡುಮಗು ಹೆತ್ತಳು. ಎದೆಹಾಲು ಬಿಡಿಸುವ ಹೊತ್ತಿಗೆ ಮಗುವಿನ ಬಾಯಿಗೆ ಬಟ್ಟಲು ಹಿಡಿದರೆ, ನೀರು ಆಚೆಯ ಅಂಚಿಗೆ ಸರಿದು ನಿಂತಿತು. ಬಟ್ಟಲು ಓರೆ ಮಾಡಿದರೂ ಬೀಳಲಿಲ್ಲ. ಒದ್ದೆ ಬಟ್ಟೆಯನ್ನು ತುಟಿಗೆ ತಾಗಿಸಿದರೆ ಬಟ್ಟೆಯೇ ಒಣಗಿತು. ಹಳ್ಳಿಗಳಿಂದಲೂ ಅದೇ ಸುದ್ದಿ. ಎಳೆಮಕ್ಕಳನ್ನು ಹತ್ತಿರ ತಂದರೆ ಸಾಕು, ಬಾವಿಯ ನೀರು ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು.

"ಇರುವವರನ್ನು ಕೇಳಿಕೊಂಡು ಹೋದೆ, ಬರುವವರನ್ನು ಮರೆತೆ ತಾಯೀ," ಎಂದು ಮಂತ್ರಿ ಅತ್ತ.

ಪದ್ಮಲೆಯ ತಂಗಿ ಚಾಗಲೆ ಎದ್ದು ನಿಂತಳು. "ಅಕ್ಕ, ಮಗುವಿಗೆ ನಿನ್ನ ಹಾಲೇ ಇರಲಿ. ನಾನು ಗುಹೆಗೆ ಹೋಗಿಬರುತ್ತೇನೆ."

ಅವಳು ನದಿಯ ದಡ ಹಿಡಿದು ಮೇಲಕ್ಕೆ ನಡೆದಳು. ಹಕ್ಕಿಯ ದನಿಯೂ ಇಲ್ಲದ ಒಂದು ನಡುಹಗಲು, ದಾರಿಗಡ್ಡವಾಗಿ ಒಂದು ಎಮ್ಮೆ ನಿಂತಿತ್ತು. ಅದಕ್ಕೆ ನೆರಳಿರಲಿಲ್ಲ. ಬಾಯಿ ಮುಚ್ಚಿತ್ತು, ಆದರೂ ಮಾತು ಕೇಳಿಸಿತು. "ನನಗೆಷ್ಟು ನೀರು?"

ಓಡಿಹೋಗಬೇಕು ಅನಿಸಿತು ಚಾಗಲೆಗೆ. ಓಡದೆ ಎಮ್ಮೆಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಒಳಗಿನ ಕರು ಮಾತಾಡುತ್ತಿತ್ತು.

"ನೀನೇ ಹೇಳಪ್ಪ, ಎಷ್ಟು ಬೇಕು?"

"ಅಮ್ಮ ಕುಡಿದಷ್ಟು. ಬೇಸಿಗೆಯಲ್ಲಿ ಇನ್ನಷ್ಟು."

ಎಮ್ಮೆ ದಾರಿ ಬಿಟ್ಟಿತು.

ಮುಂದೆ ಒಂದು ಬರಿಯ ಹೊಲ. ನಡುವೆ ನಿಂತಿದ್ದ ಬೆದರುಬೊಂಬೆ, ಅವಳು ಯಾವ ಕಡೆ ನಡೆದರೂ ಆ ಕಡೆಗೇ ಮುಖ ತಿರುಗಿಸುತ್ತಿತ್ತು.

"ಮುಂದಿನ ವರ್ಷ ಇಲ್ಲಿ ರಾಗಿಯೋ, ಕಬ್ಬೋ?" ಎಂದು ಅದು ಕೇಳಿತು.

"ನನಗೆ ಗೊತ್ತಿಲ್ಲ," ಎಂದಳು ಚಾಗಲೆ.

"ಗೊತ್ತು ಎಂದವರೆಲ್ಲ ನನ್ನ ಹೊಟ್ಟೆಯ ಹುಲ್ಲಾಗಿದ್ದಾರೆ. ರಾಗಿಗೆ ಸ್ವಲ್ಪ ಸಾಕು, ಕಬ್ಬು ಬಹಳ ಕುಡಿಯುತ್ತದೆ. ನಿನ್ನ ಲೆಕ್ಕದಲ್ಲಿ ಎರಡಕ್ಕೂ ಜಾಗ ಇಟ್ಟುಕೊಂಡು ಹೋಗು."

ಗುಹೆಯ ಬಾಯಲ್ಲಿ ಜನ ಕಿಕ್ಕಿರಿದಿದ್ದರು. ಎಲ್ಲರ ಕಂಕುಳಲ್ಲೂ ಬರಿಗೊಡ. ಯಾರಿಗೂ ಮುಖವಿರಲಿಲ್ಲ. ಕಣ್ಣು, ಮೂಗು ಇರಬೇಕಾದ ಕಡೆ ನುಣ್ಣನೆಯ ಚರ್ಮ. ಒಂದು ತಣ್ಣನೆಯ ಪುಟ್ಟ ಕೈ ಚಾಗಲೆಯ ಬೆರಳು ಹಿಡಿಯಿತು. "ಅಮ್ಮಾ," ಎಂದಿತು.

ಚಾಗಲೆಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಆದರೂ ಅವಳು ಕೈ ಕೊಡವಲಿಲ್ಲ. "ನೀವು ಎಷ್ಟು ಜನ, ಮಗಳೇ?"

"ನಮಗೂ ಗೊತ್ತಿಲ್ಲ. ಊರು ಚೆನ್ನಾಗಿದ್ದರೆ ಹೆಚ್ಚು ಬರುತ್ತೇವೆ. ಬಂದವರನ್ನು ಆಗಾಗ ಕೇಳು."

ಒಳಗೆ ಕೊಳದ ಅಂಚಿನಲ್ಲಿ ಶೋಷಕೇತು ಊದಿಕೊಂಡು ಕೂತಿದ್ದ. ಬೊಗಸೆ ಬೊಗಸೆಯಾಗಿ ಕುಡಿಯುತ್ತಿದ್ದ. ಅವನ ತೆಳ್ಳನೆಯ ಚರ್ಮದೊಳಗೆ ಮೀನುಗಳು ಈಜುವುದು ಕಾಣುತ್ತಿತ್ತು.

"ಎಷ್ಟು? ಒಂದೇ ಮಾತು, ಮುಂದಿನ ಎಲ್ಲ ಕಾಲಕ್ಕೂ," ಎಂದ.

"ಎಲ್ಲ ಕಾಲಕ್ಕೂ ನಾನು ಹೇಳಲಾರೆ," ಎಂದಳು ಚಾಗಲೆ. "ಈ ವರ್ಷದ್ದು ಹೇಳುತ್ತೇನೆ, ಬರುವ ವರ್ಷ ಮತ್ತೆ ಎಲ್ಲರನ್ನೂ ಕೇಳಿ ಹೇಳುತ್ತೇವೆ." ಅವಳು ಕೊಳದ ಕಡೆ ತಿರುಗಿದಳು. "ಇರುವವರಿಗೆ, ಹುಟ್ಟುವವರಿಗೆ, ಅವರ ದನಕರುಗಳಿಗೆ. ರಾಗಿ ಬಿತ್ತಿದರೆ ರಾಗಿಗೆ, ಕಬ್ಬು ನೆಟ್ಟರೆ ಕಬ್ಬಿಗೆ. ಕಾಡಿಗೆ, ಹಕ್ಕಿಗೆ, ಮೀನಿಗೆ. ಮಿಕ್ಕಿದ್ದೆಲ್ಲ ನದಿಗೇ, ಅದು ಕಡಲು ಮುಟ್ಟಲಿ. ಇಷ್ಟೇ ನನ್ನ ಲೆಕ್ಕ."

"ಮತ್ತೆ ನನ್ನ ಪಾಲು?" ಎಂದು ನಗುತ್ತ ಅವನು ಬೊಗಸೆ ಎತ್ತಿದ.

ನೀರು ಬೆರಳ ಸಂದಿಯಿಂದ ಇಳಿದು ಹೋಯಿತು. ಅವನು ಬಾಗಿದ, ಕೊಳ ಹಿಂದೆ ಸರಿಯಿತು. ಆಮೇಲೆ ಅವನೊಳಗಿದ್ದ ನೀರೂ ಹೊರಟಿತು. ಕಣ್ಣಿಂದ, ಕಿವಿಯಿಂದ, ಉಗುರ ಬುಡದಿಂದ ಸುರಿಯಿತು, ಜೊತೆಗೆ ಮೀನುಗಳೂ ಜಾರಿಬಂದವು. ಕೊನೆಗೆ ಕಲ್ಲಿನ ಮೇಲೆ ಒಣಗಿದ ಚರ್ಮವೊಂದು ಉಳಿಯಿತು. ಗಾಳಿ ಅದನ್ನೂ ಎತ್ತಿಕೊಂಡು ಹೋಯಿತು.

ಕಟ್ಟು ಹರಿದ ನದಿ ಭೋರೆಂದು ಇಳಿಯಿತು. ಗುಹೆಯ ಬಾಯಲ್ಲಿ ಯಾರೂ ಇರಲಿಲ್ಲ.

ಚಾಗಲೆ ಊರು ಸೇರುವ ಹೊತ್ತಿಗೆ ಅಕ್ಕನ ಮಗ ಬಟ್ಟಲು ನೀರು ಕುಡಿದು, ನೆತ್ತಿಗೇರಿಸಿಕೊಂಡು ಕೆಮ್ಮುತ್ತಿದ್ದ. ಮಂತ್ರಿ ಅವನ ತಲೆ ತಟ್ಟುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತಿದ್ದ.

ಮಾಟ ಮುರಿದರೂ ಆ ನಾಡಿನವರು ವರ್ಷಕ್ಕೊಮ್ಮೆ ದಡದಲ್ಲಿ ಸೇರಿ, ಬರುವ ವರ್ಷ ಯಾರಿಗೆ ಎಷ್ಟು ಬೇಕೆಂದು ಮಾತಾಡುತ್ತಿದ್ದರು. ಜಗಳವಾಡುತ್ತಿದ್ದರು, ರಾಜಿಯಾಗುತ್ತಿದ್ದರು, ಒಟ್ಟಿಗೆ ಉಂಡು ಮನೆಗೆ ಹೋಗುತ್ತಿದ್ದರು. ಹಾಗೆ ಅವರೂ ತಂಪಾಗಿ ಬಾಳಿದರು, ನದಿಯೂ ತಂಪಾಗಿ ಹರಿಯಿತು.