ನಾಯಿಗಳ ಅರವಟ್ಟಿಗೆ

ಸಿರಾ ಕೋರ್ಟಿನಲ್ಲಿ ಪರ್ವತಯ್ಯ ತನ್ನ ವಿರುದ್ಧ ಸಾಕ್ಷಿ ಹೇಳಿದ ದಿನವೇ ಕಾಡಸಿದ್ದಪ್ಪ ಹಲ್ಲು ಕಚ್ಚಿ ಶಪಥ ಮಾಡಿದ್ದ. ಹುಲಿಕುಂಟೆಯ ಕುರಿದಾರಿಗೆ ಅವನು ಹಾಕಿದ್ದ ಬೇಲಿಯನ್ನು ಕೋರ್ಟು ಕೀಳಿಸಿತ್ತು. ನಾಲ್ಕು ಜನರೆದುರು ಹೋದ ಮಾನ ತಿರುಗಿ ಬಂದೀತೇ? ಸಾಲದ್ದಕ್ಕೆ ೧೯೭೮ರ ಬೇಸಿಗೆಯಲ್ಲಿ, ದನದ ಆಸ್ಪತ್ರೆಯ ಮಾಜಿ ಕಾಂಪೌಂಡರಾದ ಈ ಪರ್ವತಯ್ಯ ಅದೇ ಜಾಗದಲ್ಲಿ ಕುರಿಮಂದೆಯ ನಾಯಿಗಳಿಗೆಂದು ಅರವಟ್ಟಿಗೆ ಕಟ್ಟಿಸಿದ. ಮೇಲೊಂದು ಮಣ್ಣಿನ ಗುಡಾಣ, ಅದಕ್ಕೆ ಬಿದಿರಿನ ಕೊಳವೆ, ಕೆಳಗೆ ಮೆಟ್ಟಿಲಿನಂತೆ ಮೂರು ಕಲ್ಲುಬಾನಿ: ದೊಡ್ಡ ನಾಯಿಗೊಂದು, ಸಣ್ಣದಕ್ಕೊಂದು, ಮರಿಗಳಿಗೊಂದು. ಮಲಗಲು ಹೊಂಗೆಯ ನೆರಳು ಬೇರೆ! ಊರೆಲ್ಲ ಹೊಗಳಿತು. ಕಾಡಸಿದ್ದಪ್ಪನಿಗೆ ಅನ್ನ ಸೇರಲಿಲ್ಲ.

ಉಪಾಯ ತಾನಾಗಿಯೇ ಹೊಳೆಯಿತು. ಅರವಟ್ಟಿಗೆ ಯಾರ ಹೆಸರಿನದೋ ಅವರ ಮನೆಯವರು ಗಂಗೆಪೂಜೆಯ ದಿನ ಮೊದಲ ಬೊಗಸೆ ಕುಡಿಯಬೇಕು, ಆಮೇಲೆ ಮಿಕ್ಕವರು ಎಂಬುದು ಊರ ಪದ್ಧತಿ. ಪರ್ವತಯ್ಯ ಕಟ್ಟಿಸಿದ್ದಕ್ಕೆ ಪರ್ವತಯ್ಯನದಲ್ಲದೆ ಇನ್ನಾರ ಹೆಸರಿರುತ್ತದೆ? ನಾಯಿಗಳ ನೀರಿಗೆ ಜಂತುಹುಳದ ಔಷಧಿ ಬೆರೆಸುತ್ತೇನೆಂದು ಅವನೇ ಸಾರಿಕೊಂಡಿದ್ದ. ಮುದುಕ ಪೊಟ್ಟಣ ಅದಲುಬದಲು ಮಾಡಿಕೊಂಡ ಎಂದು ಜನ ಅತ್ತು ಸುಮ್ಮನಾಗುತ್ತಾರೆ. ಮಾಡಿದ್ದುಣ್ಣೋ ಮಹರಾಯ!

ಗಂಗೆಪೂಜೆಯ ಸೋಮವಾರ ಮಧ್ಯಾಹ್ನ ಊರು ಉಣ್ಣಲು ಕೂತಿದ್ದಾಗ ಹೋಗಿ ಗುಡಾಣಕ್ಕೆ ವಾಸನೆಯಿಲ್ಲದ ಪಾಷಾಣ ಸುರಿದು, ಕೋಲಿನಿಂದ ಕದಡಿದ. ಕಟ್ಟೆಗೆ ಹೊಸದಾಗಿ ಒಂದು ಕಲ್ಲು ನೆಟ್ಟು, ಗೋಣಿತಾಟು ಹೊದಿಸಿದ್ದರು. ತನ್ನ ಹೆಸರನ್ನು ಎಷ್ಟು ಜೋಪಾನ ಮಾಡುತ್ತಾನಪ್ಪ ಎಂದು ನಕ್ಕ. ತಾಟು ಎತ್ತಿ ನೋಡಲಿಲ್ಲ.

ಸಂಜೆ ಪೂಜೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತ. ಸಾಯುವುದನ್ನು ಹತ್ತಿರದಿಂದ ನೋಡುವ ಆಸೆ.

"ಕಾಡಸಿದ್ದಪ್ಪ, ಕೋರ್ಟಿನ ಮಾತು ಅಂಗಿರ್ಲಿ ಕಣಪ್ಪ," ಎಂದ ಪರ್ವತಯ್ಯ. "ನಿಮ್ಮವ್ವ ಇದ್ದಾಗ ಬೀದಿನಾಯಿಗೂ ಒಡಕು ಮಡಕೇಲಿ ನೀರಿಡೋಳು. ಅದ ನೋಡೇ ನಂಗೆ ಇದು ಹೊಳ್ದಿದ್ದು." ತಾಟು ಎಳೆದ. ಕಲ್ಲಿನ ಮೇಲೆ 'ಚನ್ನಮಲ್ಲಮ್ಮನವರ ಅರವಟ್ಟಿಗೆ' ಎಂದು ಕೆತ್ತಿತ್ತು. ಅವ್ವನ ಹೆಸರು. ಕಾಡಸಿದ್ದಪ್ಪ ಗುಡಾಣದತ್ತ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಯಾರೋ ಅವನ ಕೈಗಳನ್ನು ಜೋಡಿಸಿ ಕೊಳವೆಯಡಿಗೆ ಹಿಡಿದರು, ಬೊಗಸೆ ತುಂಬಿತು. ಕುರಿಗಾರ ಕ್ಯಾತಣ್ಣ ನಾಯಿಯ ಹಗ್ಗ ಹಿಡಿದು ಕಾಯುತ್ತಿದ್ದ. "ಬಿರ್ರನೆ ಕುಡ್ದುಬುಡಿ ಯಜಮಾನ್ರೆ," ಎಂದ, "ನಾಯಿಗೆ ಬಾಯಾರೈತೆ."