ಆಫ್ ಮಾಡಿದ ಮೇಲೆ ಐದು ಸಲ

"ಇನ್ಮೇಲೆ ನಿಮ್ ಕೆಲ್ಸನ ನಾ ಕಟ್ಟೋ ಯಂತ್ರನೇ ಮಾಡ್ತದ."

ಗುಂಡ್ಲುಪೇಟೆಯಿಂದ ಬಂದ ನೀಲಕಂಠಸ್ವಾಮಿ ದಾನೇಶ್ವರಿಗೆ ಆಡಿದ ಮೊದಲ ಮಾತೇ ಇದು. ಪುಣ್ಯಾತ್ಮ, ಹೆಸರನ್ನಾದರೂ ಕೇಳಬಾರದಿತ್ತೇ...

ಚಾಮರಾಜನಗರದ ಆ ಪುಟ್ಟ ಶೆಡ್ಡಿನಲ್ಲಿ, ರೇಷ್ಮೆ ಹುಳು ಮನೆಯ ಶಾಖವನ್ನು ಹದದಲ್ಲಿಡುವ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಒಳಗಿನ ಪ್ರೋಗ್ರಾಂ ತಪ್ಪಿದರೆ ಹುಳುಗಳೆಲ್ಲ ಬೆಂದುಹೋಗುತ್ತವೆ. ಒಂದೊಂದನ್ನೂ ಇಪ್ಪತ್ತು ಸಲ ಆಫ್ ಮಾಡಿ, ಆನ್ ಮಾಡಿ ಪರೀಕ್ಷಿಸುವುದು ದಾನೇಶ್ವರಿಯ ಕೆಲಸ. ಆ ಕೆಲಸವಿದೆ ಎಂದೇ ಅಪ್ಪ ಉಮ್ಮತ್ತೂರಿನ ಮದುವೆ ಸಂಬಂಧವನ್ನು ಮುಂದೂಡಿದ್ದರು.

ಈಗ ತಾನಾಗಿ ಪರೀಕ್ಷಿಸುವ ಯಂತ್ರ ಕಟ್ಟಲು ಇವನು ಬಂದಿದ್ದ!

ಆದರೆ ಯಂತ್ರ ಹಟ ಹಿಡಿದಿತ್ತು. ಒಂದೇ ಪೆಟ್ಟಿಗೆ ಬೆಳಿಗ್ಗೆ ಪಾಸು, ಮಧ್ಯಾಹ್ನ ಫೇಲು. ಅವಳ ಕೈಯಲ್ಲಿ ಮಾತ್ರ ಯಾವಾಗಲೂ ಪಾಸು. ಮೂರು ವಾರದಲ್ಲಿ ಅವನು ಸೊರಗಿದ. ಅವಳ ಡಬ್ಬಿಯಲ್ಲಿ ರೊಟ್ಟಿ ಒಂದು ಹೆಚ್ಚಾಯಿತು.

'ನನ್ನ ಅನ್ನ ಕಿತ್ತುಕೊಳ್ಳಲು ಬಂದವನಿಗೆ ನಾನೇಕೆ ರೊಟ್ಟಿ ತಟ್ಟಲಿ?' ಎಂದುಕೊಳ್ಳುತ್ತಲೇ ತಟ್ಟುತ್ತಿದ್ದಳು.

"ಶನಿವಾರದೊಳ್ಗ ಆಗ್ನಿಲ್ಲ ಅಂದ್ರ ಎತ್ಕಂಡು ಓಗಪ್ಪ," ಎಂದರು ಓನರು.

ಯಂತ್ರ ತಪ್ಪುವ ಕಾರಣ ದಾನೇಶ್ವರಿಗೆ ಗೊತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವನು ಸೋತು ಹೋಗುತ್ತಾನೆ. ಏನು ಮಾಡಲಿ...

ಶನಿವಾರ ಮಧ್ಯಾಹ್ನ ಅವನು ತಂತಿ ಬಿಚ್ಚತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಬಿಚ್ಬೇಡಿ. ನಿಮ್ ಯಂತ್ರ ಆಫ್ ಮಾಡಿದ ತಕ್ಷಣ ಆನ್ ಮಾಡ್ತದ. ಒಳ್ಗ ಕರೆಂಟು ಇನ್ನೂ ಉಳ್ಕಂಡಿರ್ತದ, ಒಂದೊಂದ್ಸಲ ಪ್ರೋಗ್ರಾಂ ಸರ್ಯಾಗಿ ಸುರುವಾಗಲ್ಲ. ನಾನು ಅದು ಇಳಿಯಗಂಟ ಕಾಯ್ತೀನಿ."

"ಎಷ್ಟೊತ್ತು?"

ಅವಳು ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿದಳು. "ಐದ್ಸಲ ಓಂ ನಮಃ ಶಿವಾಯ ಅನ್ನೋವಷ್ಟು. ಹೊತ್ತು ಎಣ್ಸಕ ಅಜ್ಜಿ ಕಲ್ಸಿದ್ದು."

ಅವನು ಅಷ್ಟು ಹೊತ್ತಿನ ಬಿಡುವನ್ನು ಪ್ರೋಗ್ರಾಮಿನಲ್ಲಿ ಸೇರಿಸಿದ. ನೂರು ಸಲ ಓಡಿಸಿದರೂ ಯಂತ್ರ ಒಮ್ಮೆಯೂ ತಪ್ಪಲಿಲ್ಲ.

ದಾನೇಶ್ವರಿ ಡಬ್ಬಿ ಎತ್ತಿಕೊಂಡಳು. ಕಣ್ಣು ತುಂಬಿತ್ತು. "ನನ್ ಕೆಲ್ಸ ಮುಗೀತು."

"ನಿಮ್ ಮದ್ವೆ ಗೊತ್ತಾಗ್ಬುಟ್ಟದ, ನೀವೇ ಕೆಲ್ಸ ಬುಡ್ತೀರಿ ಅಂದಿದ್ರು ಓನರು. ಅದ್ಕೇ ಹೆಸ್ರೂ ಕೇಳ್ನಿಲ್ಲ ನಾನು... ಕೇಳುದ್ರ ಮನಸು ನಿಲ್ತಿರ್ನಿಲ್ಲ."

"ಯಾವ ಮದ್ವೆನೂ ಗೊತ್ತಾಗಿಲ್ಲ. ಕೆಲ್ಸ ಇಲ್ವಲ್ಲ, ಇನ್ಮೇಲೆ ಅಪ್ಪ ಮಾಡ್ತಾರ."

ಅವನು ಯಂತ್ರ ಬಿಟ್ಟು ಅವಳ ಎದುರು ಬಂದು ನಿಂತ. "ನಾಳ ನಿಮ್ಮೂರು ಹರದನಹಳ್ಳಿಗ ಬಂದು ನಿಮ್ಮಪ್ಪೋರ್ನ ಕೇಳ್ಲಾ?"

ಅವಳ ತುಟಿ ಸದ್ದಿಲ್ಲದೆ ಅಲುಗಿತು. ಅವನು ಎಣಿಸಿದ. ಐದಾಯಿತು.

"ಬನ್ನಿ. ಆದ್ರ... ಅಪ್ಪ ಒಪ್ನಿಲ್ಲ ಅಂದ್ರ?"

"ಐದ್ಸಲ ಹೇಳ್ಕಂಡು, ಇನ್ನೊಂದ್ಸಲ ಕೇಳ್ತೀನಿ."