ಐದು ಮಾರಿನ ದಾರ

ಕೆರೆಯ ಒಡ್ಡಿನ ಮೇಲೆ ಕುಳಿತು ಉಮಾ ನೈಲಾನ್ ದಾರದ ಸಿಕ್ಕು ಬಿಡಿಸುತ್ತಿದ್ದಳು. ತುಸು ದೂರದಲ್ಲಿ ಪರಶು ಗಾಳದ ಪ್ಲಾಸ್ಟಿಕ್ ಮೀನುಗಳಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವನು ಹತ್ತು ಮಾತಾಡಿ, ಅವಳಿಂದ ಅರ್ಧ ನಗುವನ್ನಾದರೂ ಗಿಟ್ಟಿಸಿಕೊಂಡಿರುತ್ತಿದ್ದ.

ಇವತ್ತು ದೋಣಿಯ ಪಕ್ಕದಲ್ಲಿ ಅವನ ಚೀಲ ಇತ್ತು. ಝಿಪ್ಪು ಹಾಕಿತ್ತು. ಉಮಾ ಅದನ್ನು ಮೂರು ಸಲ ನೋಡಿದಳು, ನೋಡದವಳಂತೆ.

ನಿನ್ನೆ ಸಂಜೆ ಅವಳ ಅಪ್ಪ ಯಮನೂರಪ್ಪ ಖಂಡತುಂಡವಾಗಿ ಹೇಳಿಬಿಟ್ಟಿದ್ದ. "ಎಂಟ ದಿನಾ ಆತು ತಮ್ಮಾ. ನಿನ್ನ ಬಣ್ಣದ ಮೀನ ನೋಡಿ ಕೆರ್ಯಾಗಿನ ಮೀನ ನಗಾಕತ್ತಾವ. ನಾಳಿ ಒಂದ ದಿನಾ ನೋಡು. ಇಲ್ಲಂದ್ರ ನಿನ್ನ ಗೋವಾಕ್ಕ ನೀ ಹೋಗು, ನನ್ನ ದೋಣಿ ನನಗ ಬಿಡು."

ಪರಶು ಜಕ್ಕಲಿಯವನು. ಐದು ವರ್ಷ ಗೋವಾದಲ್ಲಿ ಬಾಷಾಸಾಬರ ಬೋಟಿನಲ್ಲಿ, ಗಾಳ ಹಾಕಲು ಬರುವ ಪ್ರವಾಸಿಗರ ಜೊತೆ ದುಡಿದು, ಅದೇ ಕಸುಬನ್ನು ಊರ ಕಡೆ ಮಾಡಬೇಕೆಂದು ಬಂದಿದ್ದ. ಸೂಡಿ ದಾರಿಯ ಗುಡ್ಡದ ಕೆಳಗಿನ ಈ ಕೆರೆ ಅವನಿಗೆ ಹಿಡಿಸಿತ್ತು. ನೀರಿಲ್ಲದ ವರ್ಷಗಳಲ್ಲಿ ಕೆರೆಯ ತುಂಬ ಜಾಲಿ ಬೆಳೆದಿತ್ತು. ಆಮೇಲೆ ಕೆರೆ ತುಂಬಿತು, ಮುಳ್ಳಿನ ಗಿಡಗಳೆಲ್ಲ ನೀರಿನೊಳಗೇ ನಿಂತವು. ಬಲೆ ಹಾಕಿದರೆ ಹರಿಯುತ್ತಿತ್ತು. ಹೊಲಿದು ಹೊಲಿದು ಯಮನೂರಪ್ಪನ ಬೆರಳು ಸೋತಿದ್ದವು.

"ಬಲಿ ಬ್ಯಾಡ ಕಾಕಾ, ದಾರ ಸಾಕು," ಎಂದಿದ್ದ ಪರಶು. ದೋಣಿಯ ಎಡಬಲಕ್ಕೆ ಒಂದೊಂದು ಬಿದಿರುಕೋಲು ಚಾಚಿ ಕಟ್ಟಿದ. ಒಂದರಿಂದ ಒಂದು ಮಾರು ಆಳಕ್ಕೆ ದಾರ, ಇನ್ನೊಂದರಿಂದ ಮೂರು ಮಾರಿಗೆ. ನಡುವಿನದು, ಸೀಸದ ಗುಂಡು ಕಟ್ಟಿದ್ದು, ಐದು ಮಾರಿಗೆ. ಅದನ್ನು ಕೈಯಲ್ಲೇ ಹಿಡಿಯಬೇಕು. ದೋಣಿ ಮೆಲ್ಲಗೆ ಸಾಗಿದರೆ ಮೂರೂ ಹುಸಿಮೀನು ಮೂರು ಆಳದಲ್ಲಿ ಈಜುತ್ತ ಹಿಂದೆ ಬರುತ್ತವೆ.

"ಬಿಸಿಲ ಏರಿದಂಗ ದೊಡ್ಡ ಬಾಳಿಮೀನ ತಳಕ್ಕ ಇಳೀತಾವು. ನಮ್ಮ ಹುಸಿಮೀನ ಜಾಲಿ ತುದಿಗೆ ತಾಗಬಾರದು, ಅವಕ್ಕ ಕಾಣಬೇಕು." ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು, ಎರಡೂ ಕೈ ಚಾಚಿದಷ್ಟಕ್ಕೆ ಒಂದು ಮಾರಿನಂತೆ ಅಳೆದು ಹೇಳಿದ್ದ, "ಸರಿಯಾಗಿ ಐದ ಮಾರು."

ದಾರಗಳನ್ನು ಅಳೆದು ಗುರುತು ಕಟ್ಟಿದವಳು ಉಮಾ. ಒಂದಕ್ಕೆ ಕೆಂಪು ಉಲನ್, ಮೂರಕ್ಕೆ ಹಳದಿ, ಐದಕ್ಕೆ ಹಸಿರು. ಅಪ್ಪನ ಮೊಣಕಾಲು ದೋಣಿ ಹತ್ತಲು ಬಿಡುತ್ತಿರಲಿಲ್ಲ. ಅವನು ಒಡ್ಡಿನ ಬೇವಿನ ನೆರಳಲ್ಲಿ ಕುಳಿತು ಕಣ್ಣಿಟ್ಟಿರುತ್ತಿದ್ದ. ಪರಶು ಹುಟ್ಟು ಹಾಕುವಾಗ ತಳದ ದಾರ ಅವಳ ಕೈಯಲ್ಲಿರುತ್ತಿತ್ತು.

ಎಂಟು ದಿನ ಆ ದಾರಕ್ಕೆ ಏನೂ ಹತ್ತಲಿಲ್ಲ.

ನಾಲ್ಕು ದಿನದ ಹಿಂದೆ, ನೀರಿನ ನಡುವೆ, ಅವನು ಹುಟ್ಟು ನಿಲ್ಲಿಸಿ ಅವಳನ್ನೇ ನೋಡಿದ್ದ. "ಮ್ಯಾಲಿನ ದಾರಕ್ಕ ಹತ್ತಿದ್ರ ಕೋಲ ಕುಣೀತೈತಿ, ಊರಿಗೆಲ್ಲಾ ಕಾಣತೈತಿ. ತಳದ್ದು ಹಿಡಕೊಂಡವ್ರಿಗಷ್ಟ ಗೊತ್ತ. ನೀನೂ ಹಂಗ ನೋಡು, ಉಮಾ."

ಅವಳು ನೀರು ನೋಡಿದಳು. ಕಿವಿಯೋಲೆಯ ಹತ್ತಿರ ಬಿಸಿಯಾಯಿತು.

"ನಾ ಇಲ್ಲೇ ಉಳದ್ರ ನಿನಗ ಚಲೋ ಅನಸ್ತೈತೇನು?"

ಉತ್ತರ ಗಂಟಲಿಗೆ ಬಂದಿತ್ತು. ಸಾಲಿಯಲ್ಲೂ ಹೀಗೇ. ಮಾಸ್ತರು ಕೇಳಿದ್ದು ಗೊತ್ತಿದ್ದರೂ ಅವಳು ನೆಲ ನೋಡುತ್ತ ನಿಲ್ಲುತ್ತಿದ್ದಳು; ಆರನೇ ಇಯತ್ತೆಗೆ ಸಾಲಿ ಬಿಡಿಸಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಅಷ್ಟರಲ್ಲಿ ಒಡ್ಡಿನಿಂದ ಅಪ್ಪನ ಕೆಮ್ಮು ಕೇಳಿತು. ಪರಶು ಹುಟ್ಟು ಎತ್ತಿಕೊಂಡ. ಅವಳ ಮೌನವನ್ನು ಅವನು ಇಲ್ಲವೆಂದೇ ತಿಳಿದ. ಆಮೇಲೆ ಅವನ ಮಾತು ದಿನದಿನಕ್ಕೆ ಕಡಿಮೆಯಾಯಿತು.

ಇವತ್ತೂ ಮಧ್ಯಾಹ್ನದ ತನಕ ಸುತ್ತಿದರು. ಮೇಲಿನ ದಾರಗಳಿಗೆ ಬೊಗಸೆಯಷ್ಟು ಸಣ್ಣ ಮೀನು. ಯಮನೂರಪ್ಪ ಅದನ್ನು ನೋಡಿ ಊಟಕ್ಕೆ ಮನೆಗೆ ಹೋದ.

"ನಾಕರ ಬಸ್ಸಿಗೆ ಹೊಂಟೇನಿ," ಎಂದ ಪರಶು, ಅವಳ ಕಡೆ ತಿರುಗದೆ. "ಬಾಷಾಸಾಬರಿಗೆ ಮುಂಜಾನೆ ಫೋನ್ ಹಚ್ಚಿದ್ದೆ. ಬಾ ಅಂದ್ರು." ದೋಣಿ ಕಟ್ಟುವ ಹಗ್ಗ ಸವೆದಿತ್ತು. ಹೋಗುವ ಮುಂಚೆ ಹೊಸದು ಹಾಕಿ ಹೋಗುತ್ತೇನೆಂದು ಅವನು ಹಗ್ಗದ ಸುರುಳಿ ಬಿಚ್ಚಿ, ಕೈ ಅಗಲಿಸಿ ಎಣಿಸಿದ. "ಒಂದು... ಎರಡು... ಐದ ಮಾರು, ಮ್ಯಾಲೊಂದ ಮೊಳ."

ಉಮಾ ತಲೆಯೆತ್ತಿದಳು. ಆ ಹಗ್ಗವನ್ನು ಅಂಗಡಿಯಲ್ಲಿ ತನ್ನ ಕೈಯಾರೆ ಅಳೆದು ತಂದವಳು ಅವಳೇ. ಆರು ಮಾರು.

ಅವಳು ಎದ್ದು ಅವನ ಹತ್ತಿರ ಬಂದಳು.

"ತಪ್ಪೈತಿ," ಎಂದಳು. ಅವಳು ತಾನಾಗಿ ಅವನ ಜೊತೆ ಮಾತು ಶುರು ಮಾಡಿದ್ದು ಅದೇ ಮೊದಲು.

"ಏನ ತಪ್ಪು?"

"ನೀವ ಕೈ ಚಾಚ್ರಿ."

ಅವನು ಚಾಚಿದ. ಅವಳು ಹಗ್ಗದ ತುದಿಯನ್ನು ಅವನ ಎಡಗೈ ಬೆರಳಿಗೆ ಕೊಟ್ಟು, ತೋಳಿನ ಗುಂಟ, ಎದೆಯ ಮುಂದಿನಿಂದ, ಬಲಗೈಯ ತುದಿಯವರೆಗೆ ತಂದಳು. ಅಂಗಿಗೆ ಬೆರಳು ತಾಗದ ಹಾಗೆ. ಅವನ ಉಸಿರಿಗೆ ಅವಳ ಬೈತಲೆಯ ಬಳಿ ಕೂದಲು ಅಲುಗಿತು.

"ಉಸರ ಬಿಡಬಹುದೇನ್ರಿ ಬಾಯಾರ?" ಎಂದ, ಸಾಲಿಯ ಹುಡುಗ ಮೇಡಂ ಅವರನ್ನು ಕೇಳುವಂತೆ.

"ಸುಮ್ನಿರ್ರಿ, ಅಳತಿ ತಪ್ಪತೈತಿ."

ಅಷ್ಟೇ ಹಗ್ಗವನ್ನು ತನ್ನ ಚಾಚಿದ ತೋಳುಗಳಿಗೆ ಹಿಡಿದಳು. ಮಿಕ್ಕಿತು. ಮಿಕ್ಕಿದ ಜಾಗದ ಮೇಲೆ ಅಂಗೈ ಬಿಚ್ಚಿಟ್ಟು ತೋರಿಸಿದಳು. ಒಂದು ಗೇಣು.

ಪರಶು ಹಸಿರು ಉಲನ್ನಿನ ಗಂಟನ್ನೂ ಅವಳ ಸಣ್ಣ ಕೈಯನ್ನೂ ನೋಡಿದ. "ಐದ ಮಾರಿಗೆ ಐದ ಗೇಣು! ಎಂಟ ದಿನಾ ಮೀನಿನ ತಲಿ ಮ್ಯಾಲ ಮೆರವಣಿಗಿ ಮಾಡೀವಲ್ಲ!" ಜೋರಾಗಿ ನಕ್ಕ. ನಗು ಅರ್ಧಕ್ಕೇ ನಿಂತಿತು. "ಈಗ ಬಾಷಾಸಾಬರಿಗೆ ಬರ್ತೀನಂತ ಹೇಳಿಬಿಟ್ಟೀನಿ, ಉಮಾ."

"ಇನ್ನೂ ಎರಡ ತಾಸ ಐತ್ರಿ," ಎಂದಳು. ಹಸಿರು ಗಂಟು ಬಿಚ್ಚಿ, ಅವನ ತೋಳಿನ ಅಳತೆಗೆ ಮತ್ತೆ ಕಟ್ಟಿದಳು.

ನೀರು ತಗಡಿನಂತೆ ಹೊಳೆಯುತ್ತಿತ್ತು. ಇಬ್ಬರೂ ಮತ್ತೆ ದೋಣಿ ಹತ್ತಿದರು; ಅವನು ಹುಟ್ಟು ಹಾಕಿದ, ತಳದ ದಾರ ಅವಳ ಕೈಯಲ್ಲಿತ್ತು.

"ಅವತ್ತ ನಾ ಕೇಳಿದ್ದಕ್ಕ ಯಾಕ ಸುಮ್ನಾದಿ?"

"ನನಗ ಲಗೂ ಬಾಯಿ ಬರೂದಿಲ್ರಿ."

"ಈಗ ಬಂದೈತೇನು?"

ಅವಳು ಬಾಯಿ ತೆರೆದಳು. ಆಗಲೇ ದಾರ ಭಾರವಾಯಿತು.

"ಗಿಡಕ್ಕ ಸಿಕ್ತೇನು?"

"ಇಲ್ರಿ. ಗಿಡ ಹಿಂಗ ಜಗ್ಗೂದಿಲ್ಲ."

"ಕೈಗೆ ಸುತ್ಕೋಬ್ಯಾಡ! ಬಿಟ್ಟ ಬಿಟ್ಟ ಹಿಡಿ!" ಅವನು ಹುಟ್ಟು ಒಳಗೆಳೆದು, ಅವಳ ಕೈಯ ಮೇಲೆ ಕೈಯಿಟ್ಟ. ದಾರ ಅಂಗೈ ಕೊಯ್ಯುತ್ತಿತ್ತು. ಮೇಲಿನದು ಅವನ ಕೈಯೋ ತನ್ನದೋ ತಿಳಿಯಲಿಲ್ಲ. ಅವನು ಹೋಗುವ ಬಸ್ಸು, ಅಪ್ಪನ ಮಾತು, ಎಲ್ಲ ಆ ದಾರದ ತುದಿಯಲ್ಲಿ ಎಳೆದಾಡುತ್ತಿದ್ದಂತಿತ್ತು. ಕೊನೆಗೆ ನೀರು ಒಡೆದು, ತೋಳುದ್ದದ ಬಾಳಿಮೀನು ಬೆಳ್ಳಗೆ ಹೊರಳಿತು.

ದಂಡೆಗೆ ಬಂದಾಗ ಯಮನೂರಪ್ಪ ನಿಂತಿದ್ದ. ಮೀನನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದ. ಮುಖ ಸಡಿಲಾಯಿತು.

"ಎಂಟ ದಿನಾ ಇಲ್ಲದ್ದು ಇವತ್ತ ಹ್ಯಾಂಗ ಬಂತಲೇ?"

"ದೈವ, ಕಾಕಾ," ಎಂದ ಪರಶು ಲಗುಬಗೆಯಿಂದ. ಅವಳನ್ನು ಕಾಯಲು ಹಾಗೆಂದನೆಂದು ಉಮಾಗೆ ತಿಳಿಯಿತು.

"ಅಲ್ಲ, ಯಪ್ಪಾ. ತಪ್ಪು ನಂದು. ದಾರಾ ನನ್ನ ಮಾರಿಲೆ ಅಳದಿದ್ದೆ. ಗಿಡ್ಡ ಬಿದ್ದಿತ್ತು."

"ಹಂಗಾದ್ರ ಇವತ್ತ ಯಾರ ಮಾರಿಲೆ ಅಳದಿ?"

ಬೇವಿನ ಎಲೆಯೊಂದು ಮೀನಿನ ಮೇಲೆ ಬಿತ್ತು.

"ಇವರದು."

ಯಮನೂರಪ್ಪ ಮೀನನ್ನು ನಿಧಾನವಾಗಿ ಕೆಳಗಿಟ್ಟ. ಮಗಳ ಕೆಂಪಾದ ಅಂಗೈ ನೋಡಿದ. ಪರಶುವಿನ ತೋಳು ನೋಡಿದ. ಒಡ್ಡಿನ ಮೇಲೆ ಬಿದ್ದಿದ್ದ ಹಗ್ಗ ನೋಡಿದ. ಸಡಿಲಾದ ಮುಖ ಮತ್ತೆ ಬಿಗಿಯಿತು. ಅದು ಸಿಟ್ಟೋ ಇನ್ನೇನೋ ಉಮಾಗೆ ಓದಲಾಗಲಿಲ್ಲ. ಅಪ್ಪನ ಮುಖವನ್ನು ಓದಲಾಗದ್ದು ಅದೇ ಮೊದಲು.

ಸೂಡಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಗುಡ್ಡದ ತಿರುವಿನಲ್ಲಿ ಧೂಳು ಎದ್ದಿತು. ಪರಶು ಬಗ್ಗಿ ಚೀಲದ ಪಟ್ಟಿ ಹಿಡಿದ. ಹೆಗಲಿಗೂ ಏರಿಸಲಿಲ್ಲ, ಕೆಳಗೂ ಬಿಡಲಿಲ್ಲ. ಅವನ ಕಣ್ಣು ಯಮನೂರಪ್ಪನ ಮೇಲಿತ್ತು. ಯಮನೂರಪ್ಪನ ಕಣ್ಣು ನೀರಿನ ಮೇಲಿತ್ತು.

ಉಮಾ ನೆಲ ನೋಡಲಿಲ್ಲ.

"ಯಪ್ಪಾ," ಎಂದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಬಸ್ಸು ಹತ್ತಿರವಾಗುತ್ತಿತ್ತು. ಅವಳು ಇನ್ನೊಮ್ಮೆ, ಕೇಳುವ ಹಾಗೆ ಹೇಳಿದಳು.

"ಯಪ್ಪಾ, ಇವರನ್ನ ಕಳಸಬ್ಯಾಡ."